ಮಗ್ಗಿಯ ಸಾಲು: ಬಳ್ಳಾರಿ ಸೀಮೆಯ ಕೂಲಿಮಠ ಮತ್ತು ಮಕ್ಕಳ ನೆನಪಿನ ಬೆಳವಣಿಗೆ

ಮಕ್ಕಳ ಬುದ್ಧಿ, ಅವಧಾನ, ನೆನಪುಗಳ ಬೆಳವಣಿಗೆಯ ವಿಚಾರವು ಮನಶ್ಶಾಸ್ತ್ರಕ್ಕೆ ಸೇರಿದ್ದೆಂದೂ ಸಾಹಿತ್ಯ ಚರಿತ್ರೆಯನ್ನು ಓದುವವರಿಗೆ ಅಲ್ಲಿ ಕೆಲಸವಿಲ್ಲವೆಂದೂ ನಾವು ಬಹುಕಾಲ ನಂಬಿದ್ದೆವು. ಪ್ರಕೃತ ಲೇಖನದ ಪ್ರಶ್ನೆ ನಮಗೆ ಎದುರಾದದ್ದು ಗ್ರಂಥಾಲಯದಲ್ಲಿ ಅಲ್ಲ, ಹೈದರಾಬಾದಿನ ಈಶಾನ್ಯ ಅಂಚಿನ ಕುಷಾಯಿಗೂಡದ ಒಂದು ಮನೆಯಲ್ಲಿ. 1967ರಲ್ಲಿ ಸ್ಥಾಪಿತವಾದ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಮತ್ತು ಸುತ್ತಲಿನ ಕಾರ್ಖಾನೆಗಳ ಆಸರೆಯಲ್ಲಿ ಬೆಳೆದ ಆ ಬಡಾವಣೆಯಲ್ಲಿ ಕನ್ನಡ ಮನೆಮಾತಿನ ಸಂಸಾರಗಳೂ ನೆಲೆಸಿವೆ. ನಾವು ಆಗಾಗ ಹೋಗಿಬರುವ ಅಂಥದೊಂದು ಮನೆಯಲ್ಲಿ ಸಂಜೆಯ ಹೊತ್ತು ಹತ್ತು ವರ್ಷದ ಅಕ್ಕ ಆರು ವರ್ಷದ ತಂಗಿಯನ್ನು ಗೋಡೆಗೆ ನಿಲ್ಲಿಸಿ ಮಗ್ಗಿ ಹೇಳಿಸುತ್ತಾಳೆ. ಮಗ್ಗಿ ಇಂಗ್ಲಿಷಿನದು, ಗದರಿಕೆ ತೆಲುಗಿನದು, ಅಳು ಬಂದಾಗ ಸಮಾಧಾನ ಕನ್ನಡದ್ದು. ಅಕ್ಕ ಹೇಳಿದರೆ ತಂಗಿಯ ತುಟಿ ಆಡುತ್ತದೆ, ಅಕ್ಕ ನಿಲ್ಲಿಸಿದೊಡನೆ ಅದೂ ನಿಲ್ಲುತ್ತದೆ. ಬಳ್ಳಾರಿ ಕಡೆಯ ಅಜ್ಜಿ ಒಳಗಿನಿಂದ, "ಇನ್ನೊಂದು ಸಲ ಹೇಳಿಸವ್ವಾ" ಎನ್ನುತ್ತಾರೆ. ಎರಡು ಶತಮಾನಗಳ ಹಿಂದೆ ಅದೇ ಬಳ್ಳಾರಿಯಲ್ಲಿ ಬರೆಯಲಾದ ಒಂದು ವರದಿಯನ್ನು ನಾವು ಮತ್ತೆ ತೆರೆದು ನೋಡಲು ಈ ನೋಟವೇ ಕಾರಣವಾಯಿತು.

ವರದಿಗೆ ಹೋಗುವ ಮೊದಲು ನಮ್ಮ ಹಳೆಯ ಸಾಹಿತ್ಯ ಮಗುವಿನ ಮನಸ್ಸನ್ನು ಹೇಗೆ ಕಂಡಿತ್ತೆಂಬುದನ್ನು ನೋಡಬೇಕು. ಸುಮಾರು ಕ್ರಿ.ಶ. 850ರ ಕವಿರಾಜಮಾರ್ಗವು ಕನ್ನಡ ನಾಡಿನವರ ಜಾಣ್ಮೆಯನ್ನು ಹೊಗಳುವಾಗ ಕಿರುಮಕ್ಕಳನ್ನೂ ಮೂಗರನ್ನೂ ಬಿಡದೆ ಸೇರಿಸಿಕೊಂಡಿದೆ. ಇದು ಅಭಿಮಾನದ ಮಾತು. ಮಗುವಿನ ಜಾಣ್ಮೆ ದೊಡ್ಡವರ ಜಾಣ್ಮೆಗಿಂತ ಹೇಗೆ ಬೇರೆ ಎಂಬ ಪ್ರಶ್ನೆ ಅಲ್ಲಿಲ್ಲ. ಹತ್ತನೆಯ ಶತಮಾನದ್ದೆಂದು ಸಾಮಾನ್ಯವಾಗಿ ಒಪ್ಪಲಾಗಿರುವ ವಡ್ಡಾರಾಧನೆಯ ಭದ್ರಬಾಹುವಿನ ಕಥೆಯಲ್ಲಿ ಆಟವಾಡುವ ಹುಡುಗ ಹದಿನಾಲ್ಕು ಬಟ್ಟುಗಳನ್ನು ಒಂದರ ಮೇಲೊಂದು ನಿಲ್ಲಿಸುತ್ತಾನೆ. ಅದನ್ನು ಕಂಡ ಆಚಾರ್ಯರು ಈತ ಹದಿನಾಲ್ಕು ಪೂರ್ವಗಳನ್ನು ಬಲ್ಲವನಾಗುವನೆಂದು ತಿಳಿಯುತ್ತಾರೆ. ಇಲ್ಲಿಯೂ ಬಾಲ್ಯವು ಮುಂದಿನ ಹಿರಿಮೆಯ ಸೂಚನೆ ಮಾತ್ರ.

ಅದೇ ಗ್ರಂಥದ ಸುಕುಮಾರಸ್ವಾಮಿಯ ಕಥೆಯಲ್ಲಿ ಬರುವ ಅಗ್ನಿಭೂತಿ ವಾಯುಭೂತಿಗಳ ಪ್ರಸಂಗ ಬೇರೆಯ ಬಗೆಯದು. ಮುದ್ದಿನಿಂದ ಬೆಳೆದು ಏನನ್ನೂ ಕಲಿಯದ ಈ ಪುರೋಹಿತಪುತ್ರರು ತಂದೆ ಸತ್ತ ಮೇಲೆ ಪದವಿಗೆ ಎರವಾಗುತ್ತಾರೆ. ತಾಯಿ ಅವರನ್ನು ರಾಜಗೃಹದಲ್ಲಿದ್ದ ತನ್ನ ಅಣ್ಣ ಸೂರ್ಯಮಿತ್ರನಲ್ಲಿಗೆ ಕಳುಹಿಸುತ್ತಾಳೆ. ಆತ ತನಗೆ ತಂಗಿಯೇ ಇಲ್ಲವೆಂದು ಹೇಳಿ, ಭಿಕ್ಷೆ ಬೇಡಿ ಉಂಡು ಓದುವುದಾದರೆ ಇರಿ ಎನ್ನುತ್ತಾನೆ. ವಿದ್ಯೆ ಮುಗಿದ ಮೇಲೆ ತಾನೇ ಸೋದರಮಾವನೆಂದು ತಿಳಿಸಿ, ಮೊದಲೇ ಹೇಳಿದ್ದರೆ ಸಲುಗೆಯಿಂದ ನೀವು ಓದುತ್ತಿರಲಿಲ್ಲ ಎಂದಾಗ ಅಗ್ನಿಭೂತಿ ಕೃತಜ್ಞನಾಗುತ್ತಾನೆ, ವಾಯುಭೂತಿ ಮಾತ್ರ ಕೋಪವನ್ನು ಮನಸ್ಸಿನಲ್ಲಿಟ್ಟುಕೊಳ್ಳುತ್ತಾನೆ. ಅವಧಾನವೆಂಬುದು ಹುಟ್ಟಿನಿಂದಲೇ ಬರುವ ಗುಣವಲ್ಲ, ಸುತ್ತಲಿನ ಏರ್ಪಾಡಿನಿಂದ ಉಂಟಾಗುವಂಥದು ಎಂಬ ತಿಳಿವಳಿಕೆ ಈ ಕಥೆಯಲ್ಲಿದೆ. ಆ ಏರ್ಪಾಡಿಗೆ ತೆರಬೇಕಾದ ಬೆಲೆಯನ್ನೂ ಕಥೆಗಾರ ಮರೆಮಾಚಿಲ್ಲ. ವಾಯುಭೂತಿಯ ಕೋಪವನ್ನು ಬರಿಯ ಕೃತಘ್ನತೆಯೆಂದು ತಳ್ಳಿಹಾಕುವ ವ್ಯಾಖ್ಯಾನಗಳನ್ನು ನಾವು ಒಪ್ಪಲಾರೆವು.

ವಿದ್ಯಾಸ್ಥಾನಗಳನ್ನು ಕುರಿತ ಶಾಸನಗಳು ನಮ್ಮ ಪ್ರಶ್ನೆಗೆ ಹೆಚ್ಚಿನ ನೆರವು ನೀಡುವುದಿಲ್ಲ. 1058ರ ನಾಗಾವಿಯ ಶಾಸನದಿಂದ ಅಲ್ಲಿನ ಘಟಿಕಾಸ್ಥಾನದಲ್ಲಿ ವೇದ ಕಲಿಯುವ 200 ಮಂದಿ, ಶಾಸ್ತ್ರ ಕಲಿಯುವ 52 ಮಂದಿ, ಆರು ಜನ ಸರಸ್ವತೀ ಭಂಡಾರಿಗರು ಇದ್ದರೆಂದು ತಿಳಿಯುತ್ತದೆ. ಆದರೆ ಅವರು ಎಳೆಯರಲ್ಲ. ಐದಾರು ವರ್ಷದ ಮಗು ದಿನವಿಡೀ ಏನು ಮಾಡುತ್ತಿತ್ತೆಂಬುದನ್ನು ತಿಳಿಯಲು ನಾವು ಹತ್ತೊಂಬತ್ತನೆಯ ಶತಮಾನಕ್ಕೇ ಇಳಿಯಬೇಕು.

ಮದರಾಸಿನ ಗವರ್ನರ್ ಥಾಮಸ್ ಮನ್ರೊ 1822ರಲ್ಲಿ ಆರಂಭಿಸಿದ ಶಾಲಾ ಸಮೀಕ್ಷೆಗೆ ಉತ್ತರವಾಗಿ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ 1823ರ ಆಗಸ್ಟ್ 17ರಂದು ತನ್ನ ವರದಿಯನ್ನು ಬರೆದನು. 1816ರಲ್ಲಿ ತೆಲುಗು ವ್ಯಾಕರಣವನ್ನು ಪ್ರಕಟಿಸಿದ್ದವನು ಈತನೇ. ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ಅನಂತಪುರದ ಸೀಮೆಯೂ ಸೇರಿತ್ತು. ಅದು ಬೇರೆಯಾದದ್ದು 1882ರಲ್ಲಿ. ವರದಿಯ ಲೆಕ್ಕದಂತೆ ಒಟ್ಟು ಶಾಲೆಗಳು 533, ಕಲಿಯುವವರು 6,641. ಕನ್ನಡದ ಶಾಲೆಗಳು 235, ತೆಲುಗಿನವು 226. ಹುಡುಗಿಯರು ಕೇವಲ 60. ಧರ್ಮಪಾಲರು 1983ರಲ್ಲಿ ಈ ದಾಖಲೆಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದ ಮೇಲೆ ಶಾಲೆಗಳು ಎಷ್ಟಿದ್ದವು, ಯಾವ ಜಾತಿಯವರು ಎಷ್ಟು ಮಂದಿ ಓದುತ್ತಿದ್ದರು ಎಂಬ ವಾದಕ್ಕೆ ಅವು ಧಾರಾಳವಾಗಿ ಬಳಕೆಯಾಗಿವೆ. ಆ ಗದ್ದಲದಲ್ಲಿ ಕ್ಯಾಂಬೆಲನು ಕಂಡ ಮಗು ಹಿಂದೆ ಸರಿದಿದೆ.

ಆ ಮಗುವಿನ ಓದು ಐದನೆಯ ವರ್ಷದಲ್ಲಿ ಆರಂಭವಾಗುತ್ತದೆ. ಗುರುವೂ ಶಾಲೆಯ ಹುಡುಗರೂ ಮನೆಗೆ ಬಂದು ಗಣಪತಿಯ ಸುತ್ತ ಕುಳಿತಿರಲು, ಗುರು ಮಗುವಿನ ಬೆರಳನ್ನು ಹಿಡಿದು ಅಕ್ಕಿಯ ಮೇಲೆ ಬರೆಯಿಸುತ್ತಾನೆ. ಮರುದಿನದಿಂದ ಶಾಲೆ. ಬೆಳಿಗ್ಗೆ ಮೊದಲು ಬಂದವನ ಅಂಗೈ ಮೇಲೆ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರಿಕೆ. ಕಡೆಯವನು ಎಷ್ಟು ಬೇಗ ಬಂದರೂ ಕಡೆಯವನೇ ಎಂಬುದನ್ನು ಯೋಚಿಸಿದರೆ ಈ ನ್ಯಾಯದ ಕ್ರೌರ್ಯ ತಿಳಿಯುತ್ತದೆ. ಮೊದಲ ಅಕ್ಷರಗಳನ್ನು ಮರಳಿನ ಮೇಲೆ ಬೆರಳಿನಿಂದ ತಿದ್ದಬೇಕು. ಅನಂತರ ಇದ್ದಿಲು ಬಳಿದ ಹಲಗೆ, ಇಲ್ಲವೆ ಗಂಜಿ ಹಾಕಿ ಬಿರುಸು ಮಾಡಿ ಮಡಿಸಿ ಇದ್ದಿಲು ಅಂಟುಗಳನ್ನು ಬಳಿದ ಬಟ್ಟೆಯ ಕಡತ. ಬಳಪದಲ್ಲಿ ಬರೆದುದನ್ನು ಒದ್ದೆ ಬಟ್ಟೆಯಿಂದ ಅಳಿಸುತ್ತಿದ್ದರು. ಶಾಲೆಯಲ್ಲಿ ನಾಲ್ಕು ವರ್ಗಗಳಿದ್ದು, ಕೆಳಗಿನವರನ್ನು ಬಹುಮಟ್ಟಿಗೆ ಹಿರಿಯ ಹುಡುಗರೇ ನೋಡಿಕೊಳ್ಳುತ್ತಿದ್ದರು.

ನಮ್ಮ ಗಮನ ಸೆಳೆದದ್ದು ಲೆಕ್ಕದ ಪಾಠ. ಇಲ್ಲಿನ ಭಿನ್ನರಾಶಿ ಹತ್ತರಿಂದ ಇಳಿಯದೆ ನಾಲ್ಕರಿಂದ ಇಳಿಯುತ್ತದೆಂದೂ ಅದನ್ನು ಬಹಳ ದೂರದವರೆಗೆ ಕಲಿಸುತ್ತಾರೆಂದೂ ಕ್ಯಾಂಬೆಲ್ ಬರೆಯುತ್ತಾನೆ. ಕನ್ನಡ ಬಲ್ಲವರಿಗೆ ಇದು ಕಾಲು, ವೀಸ, ಕಾಣಿಗಳ ಲೋಕವೆಂದು ಕೂಡಲೇ ತಿಳಿಯುತ್ತದೆ: ಕಾಲಿನಲ್ಲಿ ಕಾಲು ವೀಸ, ವೀಸದಲ್ಲಿ ಕಾಲು ಕಾಣಿ. 1957ರ ದಶಮಾನ ನಾಣ್ಯಪದ್ಧತಿಯ ಬಳಿಕ ಮನೆಗಳಿಂದ ಮೆಲ್ಲನೆ ಮರೆಯಾದ ಕಾಲು, ಅರೆ, ಮುಕ್ಕಾಲುಗಳ ಮಗ್ಗಿಗಳ ಬೇರು ಇಲ್ಲಿದೆ. ಈ ಭಿನ್ನರಾಶಿಗಳನ್ನೂ ಮಗ್ಗಿಗಳನ್ನೂ ಅಳತೆ ತೂಕಗಳನ್ನೂ ಹುಡುಗರು ದಿನಕ್ಕೆ ಎರಡು ಬಾರಿ ಸಾಲಾಗಿ ನಿಂತು, ಹಿರಿಯ ಹುಡುಗನೊಬ್ಬನು ಹೇಳಿದಂತೆ ಹೇಳುತ್ತಿದ್ದರು.

ಹಿಂದೊಮ್ಮೆ ತರಗತಿಯಲ್ಲಿ ಈ ಭಾಗವನ್ನು ಓದಿಸುತ್ತ, ಉರುಹೊಡೆಯುವ ಶಿಕ್ಷಣವು ಮಗುವಿನ ಯೋಚನೆಯನ್ನು ಕೊಂದಿತೆಂದು ನಾವು ನಿಸ್ಸಂಶಯವಾಗಿ ಹೇಳಿದ್ದುಂಟು. ಆ ಮಾತನ್ನು ಈಗ ತಿದ್ದಿಕೊಳ್ಳಬೇಕಾಗಿದೆ. ಅಮೆರಿಕದ ಜಾನ್ ಫ್ಲಾವೆಲ್ ಮತ್ತು ಸಂಗಡಿಗರು 1966ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚಿತ್ರಗಳ ಕ್ರಮವನ್ನು ಸ್ವಲ್ಪ ಹೊತ್ತು ನೆನಪಿಡಬೇಕಾದಾಗ ಮಕ್ಕಳು ತಮ್ಮಷ್ಟಕ್ಕೆ ಹೆಸರುಗಳನ್ನು ಹೇಳಿಕೊಳ್ಳುವರೇ ಎಂದು ತುಟಿಯ ಚಲನೆಯಿಂದ ನೋಡಲಾಯಿತು. ಐದು ವರ್ಷದ 20 ಮಕ್ಕಳಲ್ಲಿ ಹಾಗೆ ಮಾಡಿದವರು 2, ಏಳು ವರ್ಷದವರಲ್ಲಿ 12, ಹತ್ತು ವರ್ಷದವರಲ್ಲಿ 17. ಮರುವರ್ಷದ ಇನ್ನೊಂದು ಪ್ರಯೋಗದಲ್ಲಿ, ತಾವಾಗಿ ಹೇಳಿಕೊಳ್ಳದ ಆರೇಳು ವರ್ಷದ ಮಕ್ಕಳಿಗೆ ಹೇಳಿಕೊಳ್ಳಿರೆಂದು ಕಲಿಸಿದಾಗ ಅವರ ನೆನಪು ಉಳಿದವರಿಗೆ ಸಮನಾಯಿತು. ಒತ್ತಾಯ ನಿಂತ ಮೇಲೆ ಅವರಲ್ಲಿ ಹಲವರು ಅದನ್ನು ಕೈಬಿಟ್ಟರು. ಎಳೆಯ ಮಗುವಿಗೆ ನೆನಪಿಡುವ ಶಕ್ತಿ ಇಲ್ಲದಿರುವುದಲ್ಲ. ಆ ಶಕ್ತಿಯನ್ನು ಯಾವಾಗ, ಹೇಗೆ ಬಳಸಬೇಕೆಂಬ ಅರಿವು ಇನ್ನೂ ಮೂಡಿರುವುದಿಲ್ಲ. ರಷ್ಯದ ವೈಗಾಟ್ಸ್ಕಿ (1896-1934) ಹೇಳಿದಂತೆ, ಮೊದಲು ಇತರರೊಡನೆ ಹೊರಗೆ ನಡೆದುದು ಆಮೇಲೆ ಒಳಗಿನದಾಗುತ್ತದೆ.

ಈ ಬೆಳಕಿನಲ್ಲಿ ಬಳ್ಳಾರಿಯ ಸಾಲನ್ನು ನೋಡಿದರೆ ಅದರ ಅರ್ಥ ಬದಲಾಗುತ್ತದೆ. ಐದಾರು ವರ್ಷದ ಹುಡುಗ ತನ್ನೊಳಗೆ ಮಾಡಲಾರದ ಪುನರಾವೃತ್ತಿಯನ್ನು ಸಾಲು ಅವನ ಪರವಾಗಿ ಹೊರಗೆ ಮಾಡುತ್ತಿತ್ತು. ಹೇಳಿಸುವ ಹುಡುಗನಿಗೂ ಅದರಿಂದ ಲಾಭವಿತ್ತು; ಹಿರಿಯರು ಕಿರಿಯರಿಗೆ ಕಲಿಸುತ್ತ ತಮ್ಮ ಅರಿವನ್ನೇ ಗಟ್ಟಿಮಾಡಿಕೊಳ್ಳುವರೆಂದು ಕ್ಯಾಂಬೆಲ್ ಮೆಚ್ಚಿ, ಇಂಗ್ಲೆಂಡಿನಲ್ಲಿ ಇದರ ಅನುಕರಣೆ ಯೋಗ್ಯವಾಗಿಯೇ ನಡೆದಿದೆ ಎನ್ನುತ್ತಾನೆ. ಮದರಾಸಿನ ಅನಾಥಾಲಯದಲ್ಲಿ ಆಂಡ್ರೂ ಬೆಲ್ ಮಾಡಿದ ಪ್ರಯೋಗ 1797ರಲ್ಲಿ ಪುಸ್ತಕವಾಗಿ ಹೊರಬಂದು ಅಲ್ಲಿ ಹರಡಿದ್ದ ಸಂಗತಿ ಅವನ ಮನಸ್ಸಿನಲ್ಲಿತ್ತು.

ಆದರೆ ಅದೇ ಕ್ಯಾಂಬೆಲ್ ಇನ್ನೊಂದು ಕಡೆ ಕಟುವಾಗುತ್ತಾನೆ. ಆಡುನುಡಿಗೆ ದೂರವಾದ ಕಾವ್ಯಭಾಷೆಯ ಪದ್ಯಗಳನ್ನು ಹುಡುಗರು ಅಸಂಖ್ಯವಾಗಿ ಒಪ್ಪಿಸುತ್ತಾರೆ, ಅರ್ಥ ಗಿಳಿಗೆ ಎಷ್ಟು ತಿಳಿದಿದೆಯೋ ಅವರಿಗೂ ಅಷ್ಟೇ ಎಂಬುದು ಅವನ ಆಕ್ಷೇಪ. ನಡುಗಾಲದ ಕಾವ್ಯವನ್ನೇ ವೃತ್ತಿಯಾಗಿಸಿಕೊಂಡ ನಮಗೆ ಇದು ನೋಯಿಸುವ ಮಾತಾದರೂ ಸುಳ್ಳೆನ್ನಲಾಗದು. ಕೆಲವರು ಐದೇ ವರ್ಷ, ಅನುಕೂಲವಿದ್ದವರು ಹದಿನಾಲ್ಕು ಹದಿನೈದು ವರ್ಷ ಶಾಲೆಯಲ್ಲಿರುತ್ತಿದ್ದರು. ಹತ್ತು ದಾಟಿದ ಹುಡುಗ ತಾನೇ ಗುಂಪುಮಾಡಿ, ಹೋಲಿಸಿ, ಅರ್ಥ ಹಚ್ಚಿ ನೆನಪಿಡಬಲ್ಲವನು. ಅವನಿಗೂ ಐದು ವರ್ಷದವನ ವಿಧಾನವನ್ನೇ ಮುಂದುವರಿಸಿದ್ದು ಕೂಲಿಮಠದ ದೋಷ. ಎಳೆಯರಿಂದಲೂ ಸಾಲನ್ನು ಕಿತ್ತುಕೊಂಡು, ತಿಳಿದ ಮೇಲೆ ತಾನೇ ನೆನಪಾಗುತ್ತದೆಂದು ನಂಬುವುದು ನಮ್ಮ ಕಾಲದ ದೋಷ. ಎರಡನೆಯದರಿಂದ ಹೆಚ್ಚು ನಷ್ಟವಾಗುವುದು ಸಂಜೆ ಎದುರು ಕುಳಿತು ಹೇಳಿಸುವವರಿಲ್ಲದ ಮನೆಯ ಮಗುವಿಗೆ.

ಕುಷಾಯಿಗೂಡದ ಮನೆಯಲ್ಲಿ ಇತ್ತೀಚೆಗೆ ನಾವು ತಂಗಿಯನ್ನು ನಾಲ್ಕಾರಲೆ ಎಷ್ಟೆಂದು ಕೇಳಿದೆವು. ಅವಳು ಇಂಗ್ಲಿಷಿನಲ್ಲಿ ನಾಲ್ಕೊಂದಲೆಯಿಂದ ಹೊರಟು ಓಡುತ್ತ ಇಪ್ಪತ್ತನಾಲ್ಕಕ್ಕೆ ಬಂದು ನಿಂತಳು. ಅಕ್ಕನಿಗೆ ಏಳೆಂಟಲೆ ಕೇಳಿದೆವು. ಅದು ಅವಳಿಗೆ ಮರೆತಿತ್ತು. ಅವಳು ಸಾಲಿನ ಮೊದಲಿಗೆ ಹೋಗಲಿಲ್ಲ. ಕಣ್ಣು ಮೇಲೆ ಮಾಡಿ, "ಏಳೇಳಲೆ ನಲವತ್ತೊಂಬತ್ತು, ಅದಕ್ಕೊಂದು ಏಳು" ಎಂದು ಕನ್ನಡದಲ್ಲಿ ತನಗೇ ಹೇಳಿಕೊಂಡು, ಐವತ್ತಾರೆಂದು ನಮಗೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು.