ಗವರ್ನರ್ ಬಂಗಲೆಯ ಹಿರಿಯ ರೋಗಿ

1918ರಲ್ಲಿ ಮಾರಿಷಸ್‌ನ ಪೋರ್ಟ್ ಲೂಯಿಯ ಸೈನ್ಯದ ನೆಲೆಯಲ್ಲಿ ಒಂದು ದೈತ್ಯ ಆಮೆ ಫಿರಂಗಿ ಕಟ್ಟೆಯಲ್ಲಿ ಬಿದ್ದು ಸತ್ತಿತು. ಫ್ರೆಂಚ್ ನಾವಿಕ ಮರಿಯನ್ ದು ಫ್ರೆಸ್ನ್ 1766ರಲ್ಲಿ ಸೆಶೆಲ್ಸ್ ದ್ವೀಪಗಳಿಂದ ತಂದುಬಿಟ್ಟಿದ್ದ ಆಮೆ ಅದು. ಬರುವಾಗಲೇ ಪೂರ್ತಿ ಬೆಳೆದಿತ್ತು. 1810ರಲ್ಲಿ ಮಾರಿಷಸ್ ಫ್ರೆಂಚರಿಂದ ಬ್ರಿಟಿಷರ ವಶಕ್ಕೆ ಹೋದಾಗ ಆಮೆಯೂ ಅವರ ಪಾಲಾಯಿತು. ದಂಡಿನವರು ಬದಲಾದರು, ಬಾವುಟ ಬದಲಾಯಿತು, ಆಮೆ ಮಾತ್ರ ಅಲ್ಲೇ ಉಳಿಯಿತು. 1908ರ ಹೊತ್ತಿಗೆ ಅದರ ಎರಡೂ ಕಣ್ಣು ಹೋಗಿದ್ದವು. ಕಣ್ಣಿಲ್ಲದ ಆ ಪ್ರಾಣಿ ಫಿರಂಗಿಗಳ ನಡುವೆಯೇ ಇನ್ನೂ ಹತ್ತು ವರ್ಷ ಬದುಕಿತು. ಅದನ್ನು ಕೊಂದದ್ದು ಮುಪ್ಪಲ್ಲ, ಕಾಣದ ಕಣ್ಣು.

ಸಾಕಿದ ಆಮೆಗಳ ಚರಿತ್ರೆಯಲ್ಲಿ ಈ ಸಾವನ್ನು ನೆನೆಯಲೇಬೇಕು. ಆಮೆ ನೂರಾರು ವರ್ಷ ಬದುಕುತ್ತದೆ ಎಂಬ ಬೆರಗು ಎಷ್ಟು ದೊಡ್ಡದಾಗಿತ್ತೆಂದರೆ, ಅದಕ್ಕೂ ಕಾಯಿಲೆ ಬರುತ್ತದೆ, ಆ ಕಾಯಿಲೆಗೆ ಆರೈಕೆ ಬೇಕು ಎಂಬುದು ಬಹಳ ಕಾಲ ಯಾರಿಗೂ ಹೊಳೆಯಲಿಲ್ಲ. ಇನ್ನೊಂದು ಸಾಗರದ ನಡುವೆ, ಅದೇ ಬಗೆಯ ಇನ್ನೊಂದು ಕುರುಡು ಆಮೆಗೆ ಬೇರೆಯೇ ವಿಧಿ ಕಾದಿತ್ತು.

ದಕ್ಷಿಣ ಅಟ್ಲಾಂಟಿಕ್ ಸಾಗರದಲ್ಲಿ, ಆಫ್ರಿಕಾದ ಕರಾವಳಿಯಿಂದ ಸುಮಾರು 1,900 ಕಿಲೋಮೀಟರ್ ದೂರದಲ್ಲಿ ಸೇಂಟ್ ಹೆಲೀನಾ ಇದೆ. ಪೋರ್ಚುಗೀಸರು 1502ರಲ್ಲಿ ಕಂಡ ಈ ಪುಟ್ಟ ದ್ವೀಪ 1659ರಿಂದ ಈಸ್ಟ್ ಇಂಡಿಯಾ ಕಂಪನಿಯ ಕೈಯಲ್ಲಿತ್ತು. ಭಾರತದಿಂದ ಇಂಗ್ಲೆಂಡಿಗೆ ಮರಳುವ ಹಡಗುಗಳು ಇಲ್ಲಿ ನಿಂತು ನೀರು, ತರಕಾರಿ ತುಂಬಿಕೊಳ್ಳುತ್ತಿದ್ದವು. 1799ರಲ್ಲಿ ಟಿಪ್ಪುವಿನ ಪತನದ ನಂತರ ಶ್ರೀರಂಗಪಟ್ಟಣದ ಆಡಳಿತ ನೋಡಿಕೊಂಡಿದ್ದ ಆರ್ಥರ್ ವೆಲ್ಲೆಸ್ಲಿ 1805ರಲ್ಲಿ ತಾಯ್ನಾಡಿಗೆ ಹೋಗುವಾಗ ತಂಗಿದ್ದೂ ಇಲ್ಲೇ. ಹತ್ತು ವರ್ಷದ ನಂತರ ಅದೇ ವೆಲ್ಲೆಸ್ಲಿ ವಾಟರ್ಲೂನಲ್ಲಿ ಸೋಲಿಸಿದ ನೆಪೋಲಿಯನ್ನನನ್ನು ಸೆರೆಯಾಳಾಗಿ ಈ ದ್ವೀಪಕ್ಕೇ ಕಳಿಸಲಾಯಿತು. ಕಂಪನಿ 1791–92ರಲ್ಲಿ ತನ್ನ ಗವರ್ನರಿಗಾಗಿ ಕಟ್ಟಿಸಿದ ‘ಪ್ಲಾಂಟೇಷನ್ ಹೌಸ್’ ಎಂಬ ಬಂಗಲೆ ಇಂದಿಗೂ ಗವರ್ನರರ ನಿವಾಸ. ಅದರ ಮುಂದಿನ ಹುಲ್ಲುಹಾಸಿನ ಮೇಲೆ 1882ರಿಂದ ಒಂದು ಆಮೆ ಮೇಯುತ್ತಾ ಬಂದಿದೆ. ಹೆಸರು ಜೊನಾಥನ್.

ಅದು ಇಲ್ಲಿಗೆ ಬಂದ ದಾರಿ ಅರ್ಥವಾಗಬೇಕಾದರೆ ಹಡಗುಗಳ ಕಾಲದ ಒಂದು ಕ್ರೂರ ರೂಢಿಯನ್ನು ತಿಳಿಯಬೇಕು. ಹಿಂದೂ ಮಹಾಸಾಗರದ ದ್ವೀಪಗಳ ದೈತ್ಯ ಆಮೆಗಳು ತಿಂಗಳುಗಟ್ಟಲೆ ಅನ್ನ ನೀರಿಲ್ಲದೆ ಬದುಕಬಲ್ಲವು. ಶೈತ್ಯಾಗಾರವಿಲ್ಲದ ಕಾಲದ ನಾವಿಕರಿಗೆ ಇದಕ್ಕಿಂತ ಅನುಕೂಲವಾದ ತಾಜಾ ಮಾಂಸ ಬೇರೆ ಇರಲಿಲ್ಲ. ಜೀವಂತ ಆಮೆಗಳನ್ನು ರಾಶಿ ರಾಶಿಯಾಗಿ ಹಡಗಿಗೆ ಹೇರಿಕೊಂಡು, ಬೇಕಾದಾಗ ಒಂದೊಂದನ್ನೇ ಕೊಯ್ಯುತ್ತಿದ್ದರು. ಮಾರಿಷಸ್, ರೋಡ್ರಿಗಸ್, ರೀಯೂನಿಯನ್ ದ್ವೀಪಗಳ ಸ್ವಂತ ಆಮೆ ಜಾತಿಗಳು ಹೀಗೆ ಹೆಸರಿಲ್ಲದಂತೆ ಅಳಿದುಹೋದವು. ಕೊನೆಗೆ 1874ರಲ್ಲಿ ಚಾರ್ಲ್ಸ್ ಡಾರ್ವಿನ್, ಜೋಸೆಫ್ ಹೂಕರ್, ಆಲ್ಬರ್ಟ್ ಗುಂಥರ್ ಮೊದಲಾದ ವಿಜ್ಞಾನಿಗಳು ಅಲ್ಡಾಬ್ರಾ ಹವಳದ್ವೀಪದಲ್ಲಿ ಉಳಿದ ಆಮೆಗಳನ್ನಾದರೂ ಕಾಪಾಡಿ ಎಂದು ಮಾರಿಷಸ್‌ನ ಗವರ್ನರಿಗೆ ಪತ್ರ ಬರೆದರು. ಅಲ್ಡಾಬ್ರಾದ ಆಮೆಗಳು ಉಳಿದುಕೊಂಡವು. ಇಂದು ಅಲ್ಲಿ ಸುಮಾರು ಒಂದು ಲಕ್ಷ ಆಮೆಗಳಿವೆ.

ಕೊಯ್ದು ತಿನ್ನುವ ಈ ರೂಢಿಯ ಪಕ್ಕದಲ್ಲೇ ಇನ್ನೊಂದು ರೂಢಿಯೂ ಬೆಳೆಯಿತು. ಆಮೆ ದೊಡ್ಡವರಿಗೆ ಕೊಡತಕ್ಕ ಉಡುಗೊರೆಯಾಯಿತು. ಕ್ಯಾಪ್ಟನ್ ಕುಕ್ 1777ರ ಸುಮಾರಿಗೆ ಟೋಂಗಾದ ರಾಜಮನೆತನಕ್ಕೆ ಕೊಟ್ಟನೆಂದು ನಂಬಲಾದ ‘ತುಯಿ ಮಲಿಲಾ’ ಎಂಬ ಆಮೆ ಅರಮನೆಯ ಅಂಗಳದಲ್ಲಿ 1965ರವರೆಗೆ ಬಾಳಿತು. ಕೋಲ್ಕತ್ತದ ಅಲಿಪುರ ಮೃಗಾಲಯದ ‘ಅದ್ವೈತ’ ರಾಬರ್ಟ್ ಕ್ಲೈವ್‌ನ ತೋಟದಲ್ಲಿದ್ದ ಆಮೆಯೆಂದು ಜನ ಹೇಳುತ್ತಿದ್ದರು. ಜೊನಾಥನ್ ಸೆಶೆಲ್ಸ್‌ನಿಂದ ಇನ್ನೂ ಮೂರು ಆಮೆಗಳೊಂದಿಗೆ ಸೇಂಟ್ ಹೆಲೀನಾಗೆ ಬಂದದ್ದೂ ಉಡುಗೊರೆಯಾಗಿಯೇ. ಪಡೆದವರು ವಿಲಿಯಂ ಗ್ರೇ-ವಿಲ್ಸನ್. ಮುಂದೆ ದ್ವೀಪದ ಗವರ್ನರ್ ಆದವರು.

ಬಂದಾಗ ಅದು ಪೂರ್ಣ ಬೆಳೆದ ಆಮೆ ಎಂದು ದಾಖಲೆಯಿದೆ. ಅಷ್ಟು ಬೆಳೆಯಲು ಕನಿಷ್ಠ ಐವತ್ತು ವರ್ಷ ಬೇಕು. ಆದ್ದರಿಂದ 1832ರ ಸುಮಾರಿಗೆ ಹುಟ್ಟಿರಬೇಕು ಎಂಬ ಲೆಕ್ಕ. 1886ರದೆಂದು ಗುರುತಿಸಲಾದ ಒಂದು ಫೋಟೊದಲ್ಲಿ ಅದೇ ಹುಲ್ಲುಹಾಸಿನ ಮೇಲೆ ಅದೇ ದೊಡ್ಡ ಚಿಪ್ಪು ಕಾಣುತ್ತದೆ. ‘ಜೊನಾಥನ್’ ಎಂಬ ಹೆಸರು ಮಾತ್ರ ತಡವಾಗಿ, 1930ರ ದಶಕದಲ್ಲಿ, ಗವರ್ನರ್ ಸ್ಪೆನ್ಸರ್ ಡೇವಿಸ್ ಇಟ್ಟದ್ದು. ಸುಮಾರು ಮೂವತ್ತು ಗವರ್ನರುಗಳು ಆ ಬಂಗಲೆಗೆ ಬಂದು ಹೋದರು. ದ್ವೀಪದ ಐದು ಪೆನ್ಸ್ ನಾಣ್ಯದ ಮೇಲೂ ಜೊನಾಥನ್ ಚಿತ್ರ ಮೂಡಿತು.

ಕೀರ್ತಿ ಬಂತು. ವೈದ್ಯರು ಬರಲಿಲ್ಲ. 2009ರಲ್ಲಿ ಪಶುವೈದ್ಯ ಜೋ ಹಾಲಿನ್ಸ್ ದ್ವೀಪದ ಕೆಲಸಕ್ಕೆ ಬರುವವರೆಗೂ ಹುಲ್ಲುಹಾಸಿನ ಆ ಮುದಿ ಪ್ರಾಣಿ ತನ್ನ ಪಾಡಿಗೆ ತಾನು ಮೇಯುವ ಆಮೆ, ಅಷ್ಟೆ. ಹಾಲಿನ್ಸ್ ಪರೀಕ್ಷಿಸಿದಾಗ ಕಂಡದ್ದು ಬೇರೆ. ಕಣ್ಣಿಗೆ ಪೊರೆ ಬಂದು ದೃಷ್ಟಿ ಹೋಗಿತ್ತು. ವಾಸನೆ ಹಿಡಿಯುವ ಶಕ್ತಿಯೂ ಇರಲಿಲ್ಲ. ಕಿವಿ ಮಾತ್ರ ಚೆನ್ನಾಗಿತ್ತು.

ಈ ಎರಡು ಊನಗಳು ಸೇರಿದರೆ ಆಮೆಗೆ ಏನಾಗುತ್ತದೆ ಎಂಬುದೇ ಈ ಕಥೆಯ ತಿರುಳು. ಆಮೆಗೆ ಹಲ್ಲಿಲ್ಲ. ಕೆರಾಟಿನ್‌ನಿಂದಾದ, ಅಂದರೆ ನಮ್ಮ ಉಗುರಿನ ಪದಾರ್ಥದಿಂದಲೇ ಆದ ಗಟ್ಟಿ ಕೊಕ್ಕಿನಿಂದ ಅದು ಹುಲ್ಲನ್ನು ಕತ್ತರಿಸುತ್ತದೆ. ಕೊಕ್ಕು ಬದುಕಿನುದ್ದಕ್ಕೂ ಬೆಳೆಯುತ್ತಲೇ ಇರುತ್ತದೆ, ಸವೆಯುತ್ತಲೇ ಇರುತ್ತದೆ. ಕಣ್ಣು ಮತ್ತು ಮೂಗು ಇಲ್ಲದ ಆಮೆಗೆ ಎಳೆ ಹುಲ್ಲು ಯಾವುದು, ಒಣ ಕಡ್ಡಿ ಯಾವುದು, ಮಣ್ಣು ಯಾವುದು ತಿಳಿಯುವುದಿಲ್ಲ. ಬಾಯಿಗೆ ಸಿಕ್ಕಿದ್ದನ್ನೇ ಕಚ್ಚುತ್ತದೆ. ಮಣ್ಣು ಕಡ್ಡಿ ಕಚ್ಚಿ ಕೊಕ್ಕು ಮೊಂಡಾಗುತ್ತದೆ. ಮೊಂಡು ಕೊಕ್ಕು ಹುಲ್ಲನ್ನು ಸರಿಯಾಗಿ ಕತ್ತರಿಸುವುದಿಲ್ಲ. ಹೊಟ್ಟೆಗೆ ಹೋಗುವುದು ಕಡಿಮೆಯಾದಂತೆ ಜೀವಸತ್ವ, ಖನಿಜಗಳ ಕೊರತೆ ಬೆಳೆದು ಹೊಸ ಕೊಕ್ಕು ಮೆತ್ತಗಾಗಿ ಪುಡಿಯಾಗತೊಡಗುತ್ತದೆ. ಒಂದು ತೊಂದರೆ ಇನ್ನೊಂದನ್ನು ಹೆರುತ್ತಾ ಹೋಗುವ ಈ ಸುತ್ತಿನೊಳಗೆ ಜೊನಾಥನ್ ಸಿಕ್ಕಿಕೊಂಡಿತ್ತು. ಎದುರಿಗೆ ವಿಶಾಲ ಹುಲ್ಲುಹಾಸು, ಹೊಟ್ಟೆಗೆ ಅರೆ ಉಪವಾಸ.

ಹಾಲಿನ್ಸ್ ಹಿಡಿದ ದಾರಿ ಸರಳ. ಪೊರೆ ತೆಗೆಯುವ ಶಸ್ತ್ರಚಿಕಿತ್ಸೆಗೆ ಹೋಗಲಿಲ್ಲ. ಕೈತುತ್ತು ಕೊಡಲು ತೊಡಗಿದರು. ವಾರಕ್ಕೊಮ್ಮೆ ಕ್ಯಾರೆಟ್, ಸೌತೆಕಾಯಿ, ಎಲೆಕೋಸು, ಸೇಬು, ಬಾಳೆಹಣ್ಣು, ಸೀಬೆಹಣ್ಣು ಮುಂತಾದವು ಜೊನಾಥನ್ ಬಾಯಿಯ ಹತ್ತಿರಕ್ಕೇ ಬಂದವು. ಹೊಟ್ಟೆ ತುಂಬಿಸುವುದಕ್ಕಿಂತ ಹುಲ್ಲಿನಲ್ಲಿ ಸಿಗದೆ ಹೋಗುತ್ತಿದ್ದ ಸತ್ವಗಳನ್ನು ತುಂಬಿಕೊಡುವುದು ಇದರ ಗುರಿ. ಉಳಿದ ದಿನಗಳಲ್ಲಿ ಆಮೆ ಎಂದಿನಂತೆ ತಾನೇ ಮೇಯಬೇಕು. ಕಣ್ಣು ಕಾಣದ ಆಮೆ ತಿನಿಸು ಯಾವುದು, ಬೆರಳು ಯಾವುದು ಎಂದು ಅರಿಯದೆ ಕಚ್ಚುವುದರಿಂದ ಉಣಿಸುವವರು ದಪ್ಪ ಕೈಗವಸು ಹಾಕಿಕೊಳ್ಳಬೇಕಾಯಿತು. ಮೂಗು ಕಣ್ಣು ಮಾಡಬೇಕಾದ ಕೆಲಸವನ್ನು ಕಿವಿ ವಹಿಸಿಕೊಂಡಿತು: ವೈದ್ಯರ ದನಿ ಕೇಳಿದೊಡನೆ ಆಮೆ ಕತ್ತು ಚಾಚುವುದನ್ನು ಕಲಿತಿತು.

ಫಲ ಕಂಡದ್ದು ಕೊಕ್ಕಿನಲ್ಲಿ. ಮೆತ್ತಗೆ ಉದುರುತ್ತಿದ್ದ ಅಂಚು ಗಟ್ಟಿಯಾಯಿತು, ಮತ್ತೆ ಹರಿತವಾಯಿತು. ಹರಿತವಾದ ಕೊಕ್ಕಿಗೆ ಹುಲ್ಲು ಸಿಕ್ಕಿತು. ಆಮೆ ಮೈತುಂಬಿಕೊಂಡಿತು, ಲವಲವಿಕೆಯೂ ಬಂತು. ಕಣ್ಣಿಗೆ ಮದ್ದಿಲ್ಲ, ಮೂಗಿಗೆ ಮದ್ದಿಲ್ಲ, ಇವೆರಡೂ ಕೊನೆತನಕ ಇರುವ ಊನಗಳೇ. ಆದರೆ ಅವು ಹೆತ್ತ ಕಾಯಿಲೆಯನ್ನು ತಡೆದು ನಿಲ್ಲಿಸಲು ಒಂದು ಬುಟ್ಟಿ ತರಕಾರಿ ಮತ್ತು ತಪ್ಪದ ಶಿಸ್ತು ಸಾಕಾಯಿತು. 2016ರ ಮಾರ್ಚ್‌ನಲ್ಲಿ ಹಾಲಿನ್ಸ್ ಮೃದುವಾದ ಬ್ರಷ್ಷು, ಸೋಪು ಹಿಡಿದು ಜೊನಾಥನ್‌ಗೆ ಸ್ನಾನ ಮಾಡಿಸಿದರು. ಅದು ಆಮೆಯ ಮೊದಲ ಸ್ನಾನವೆಂದೇ ಸುದ್ದಿಯಾಯಿತು. ಪಾಚಿ, ಹಕ್ಕಿಯ ಹಿಕ್ಕೆ ತೊಳೆದುಹೋದ ಚಿಪ್ಪನ್ನು ಆಗ ಹತ್ತಿರದಿಂದ ನೋಡುವುದೂ ಸಾಧ್ಯವಾಯಿತು.

ನೋಡಲು ಬರುವವರನ್ನೂ ನಿಭಾಯಿಸಬೇಕಿತ್ತು. ಕುರುಡು ಪ್ರಾಣಿಯ ಹತ್ತಿರ ಜನ ಗುಂಪುಗೂಡಿ, ಚಿಪ್ಪು ಮುಟ್ಟಿ, ಬೆನ್ನ ಮೇಲೆ ಕೂತು ಫೋಟೊ ತೆಗೆಸಿಕೊಳ್ಳುವುದು ಹಿಂದೆ ಎಲ್ಲ ಕಡೆಯೂ ನಡೆದದ್ದೇ. ಪ್ಲಾಂಟೇಷನ್ ಹೌಸ್‌ನಲ್ಲಿ ಹುಲ್ಲುಹಾಸಿನ ಅಂಚಿಗೆ ಪ್ರತ್ಯೇಕ ದಾರಿ ಮಾಡಿ, ಸಂದರ್ಶಕರು ಅಲ್ಲಿಂದಲೇ ನೋಡುವ ಏರ್ಪಾಡಾಯಿತು. ಪೋರ್ಟ್ ಲೂಯಿಯ ಫಿರಂಗಿ ಕಟ್ಟೆಯ ಸುತ್ತ ಒಂದು ಬೇಲಿಯಾದರೂ ಇದ್ದಿದ್ದರೆ ಮರಿಯನ್‌ನ ಆಮೆ ಇನ್ನೆಷ್ಟು ಕಾಲ ಬದುಕುತ್ತಿತ್ತೋ.

ಕೋಲ್ಕತ್ತದ ಅದ್ವೈತಕ್ಕೂ ಊಟದ ಕೊರತೆಯಿರಲಿಲ್ಲ. ಗೋಧಿ ತೌಡು, ಕ್ಯಾರೆಟ್, ನೆನೆಸಿದ ಕಡಲೆ, ಬ್ರೆಡ್ಡು, ಹುಲ್ಲು, ಉಪ್ಪು ಕೊಡುತ್ತಿದ್ದರು. ಆದರೆ 2005ರ ಕೊನೆಯ ಹೊತ್ತಿಗೆ ಅದರ ಚಿಪ್ಪು ಬಿರುಕುಬಿಟ್ಟಿತು. ಬಿರುಕಿನ ಅಡಿಯಲ್ಲಿ ಗಾಯವಾಯಿತು. 2006ರ ಮಾರ್ಚ್‌ನಲ್ಲಿ ಅದ್ವೈತ ತೀರಿಕೊಂಡಿತು. ಆಮೆಯ ಚಿಪ್ಪು ಹೊರಗಿನ ಹೊದಿಕೆ ಮಾತ್ರವಲ್ಲ. ಪಕ್ಕೆಲುಬು, ಬೆನ್ನುಮೂಳೆ ಸೇರಿಯೇ ಆಗಿರುವ, ರಕ್ತ ಹರಿಯುವ ಜೀವಂತ ಮೂಳೆ. ಅದರ ಬಿರುಕು ಎಂದರೆ ಮೂಳೆ ಮುರಿತ. ಆಮೆಯ ದೇಹದಲ್ಲಿ ಎಲ್ಲವೂ ನಿಧಾನ, ಗಾಯ ಮಾಯುವುದೂ ನಿಧಾನ, ಕಾಯಿಲೆ ಹೊರಗೆ ಕಾಣಿಸುವುದೂ ನಿಧಾನ. ಕಣ್ಣಿಗೆ ಬೀಳುವ ಹೊತ್ತಿಗೆ ರೋಗ ಹಳೆಯದಾಗಿರುತ್ತದೆ.

ಗಾಜಿನ ತೊಟ್ಟಿಯಲ್ಲಿ ಪುಟ್ಟ ಆಮೆ ಸಾಕುವ ಮನೆಗಳಲ್ಲಿ ಆಗುವುದೂ ಇದೇ. ಬಿಸಿಲು ಬೀಳದಿದ್ದರೆ ಆಮೆಯ ದೇಹದಲ್ಲಿ ಡಿ ಜೀವಸತ್ವ ಸಾಲದಾಗುತ್ತದೆ. ಆಗ ಸುಣ್ಣದ ಅಂಶ ಮೈಗೆ ಹತ್ತದೆ ಚಿಪ್ಪು ಮೆತ್ತಗಾಗುತ್ತದೆ. ಎ ಜೀವಸತ್ವ ಕಡಿಮೆಯಾದರೆ ರೆಪ್ಪೆ ಊದಿ ಕಣ್ಣು ಮುಚ್ಚಿಕೊಳ್ಳುತ್ತದೆ. ಕಣ್ಣು ಮುಚ್ಚಿದ ಆಮೆ ಊಟ ಬಿಡುತ್ತದೆ. ನಮ್ಮ ನಕ್ಷತ್ರ ಆಮೆಯಂತೂ ಮನೆಯಲ್ಲಿಡಲು ಕಾನೂನೇ ಒಪ್ಪದ ವನ್ಯಜೀವಿ. ಆದರೂ ಸಾಕುವ ಆಸೆಯವರಿಗಾಗಿ ಅದನ್ನು ಕದ್ದು ದೇಶದಾಚೆಗೆ ಸಾಗಿಸುವ ದಂಧೆ ದೊಡ್ಡದು. ಹಾಗೆ ಹೋಗಿ ಸಿಂಗಪುರದಲ್ಲಿ ರಕ್ಷಣೆಗೊಳಗಾದ 51 ನಕ್ಷತ್ರ ಆಮೆಗಳು 2018ರ ನವೆಂಬರ್‌ನಲ್ಲಿ ಬೆಂಗಳೂರಿಗೆ ಮರಳಿದವು. ಅವುಗಳನ್ನು ನೇರ ಕಾಡಿಗೆ ಬಿಡುವಂತಿರಲಿಲ್ಲ. ರೋಗವಿದೆಯೇ ಎಂದು ಪ್ರತ್ಯೇಕವಾಗಿಟ್ಟು ನೋಡಬೇಕು, ಇಲ್ಲಿನ ಮೇವಿಗೆ, ಹವೆಗೆ ಒಗ್ಗಿಸಬೇಕು.

ಒಂದು ಆಮೆಗೆ ತೋರಿದ ಕಾಳಜಿಯಿಂದ ಅದರ ನೆರೆಯವೂ ಲಾಭ ಪಡೆದವು. ಪ್ಲಾಂಟೇಷನ್ ಹೌಸ್‌ನಲ್ಲಿ 1991ರಿಂದ ಜೊನಾಥನ್‌ನ ನೆಚ್ಚಿನ ಸಂಗಾತಿಯಾಗಿದ್ದ ಫ್ರೆಡರಿಕಾ ಎಂಬ ಆಮೆಯ ಚಿಪ್ಪಿನಲ್ಲಿ ಒಂದು ಹುಣ್ಣು ಕಾಣಿಸಿಕೊಂಡಿತು. ಅದಕ್ಕೆ ಚಿಕಿತ್ಸೆ ಕೊಡುವಾಗ ವೈದ್ಯರು ಮೈಯನ್ನೆಲ್ಲ ಪರೀಕ್ಷಿಸಿದರು. ಇಷ್ಟು ಕಾಲ ಹೆಣ್ಣೆಂದುಕೊಂಡಿದ್ದ ಫ್ರೆಡರಿಕಾ ಗಂಡಿರಬಹುದೆಂಬ ಸಂಗತಿ 2017ರಲ್ಲಿ ಜಗತ್ತಿನ ಪತ್ರಿಕೆಗಳಲ್ಲಿ ಬಂತು. ಜೋಡಿಗೆ ಮರಿಗಳೇಕೆ ಆಗಲಿಲ್ಲ ಎಂಬ ದ್ವೀಪದವರ ಹಳೆಯ ಪ್ರಶ್ನೆಗೂ ಒಂದು ಉತ್ತರ ದೊರೆತಂತಾಯಿತು.

2022ರ ಜನವರಿಯಲ್ಲಿ ಗಿನ್ನೆಸ್ ಸಂಸ್ಥೆ ಜೊನಾಥನ್ ಅನ್ನು ಈವರೆಗೆ ದಾಖಲಾದ ಆಮೆಗಳಲ್ಲೆಲ್ಲ ಅತಿ ಹಿರಿಯದೆಂದು ಸಾರಿತು. ಅಲ್ಲಿಯವರೆಗೆ ಆ ಸ್ಥಾನ ಸುಮಾರು 188 ವರ್ಷ ಬಾಳಿದ ತುಯಿ ಮಲಿಲಾದ್ದಾಗಿತ್ತು. ಅದೇ ವರ್ಷ ಗವರ್ನರ್ ನೈಜೆಲ್ ಫಿಲಿಪ್ಸ್ ಜೊನಾಥನ್‌ಗೆ 1832ರ ಡಿಸೆಂಬರ್ 4 ಎಂಬ ಅಧಿಕೃತ ಹುಟ್ಟುದಿನವನ್ನು ಗೊತ್ತುಮಾಡಿದರು. 190ನೆಯ ವರ್ಷದ ನೆನಪಿಗೆ ಅಂಚೆಚೀಟಿಗಳು ಬಂದವು. ಈ ದಾಖಲೆಯ ಬಹುಭಾಗ ಸೆಶೆಲ್ಸ್‌ನ ಆಮೆಗೆ ಹುಟ್ಟಿನಿಂದ ಬಂದ ಗಟ್ಟಿತನಕ್ಕೆ ಸಲ್ಲಬೇಕು. ಕೊನೆಯ ಹತ್ತು ಹನ್ನೆರಡು ವರ್ಷಗಳ ಶ್ರೇಯಸ್ಸು ಮಾತ್ರ, ಮೊಂಡಾದ ಕೊಕ್ಕಿನ ಹಿಂದೆ ಹಸಿವಿದೆ ಎಂದು ಗುರುತಿಸಿದ ವೈದ್ಯರಿಗೆ ಮತ್ತು ವಾರ ತಪ್ಪದೆ ತುತ್ತು ಕೊಟ್ಟವರಿಗೆ ಸೇರುತ್ತದೆ.