ಧರ್ಮಸಭೆಯ ಆರಾಧನೆಯಲ್ಲಿ ಹೊಸ ಗೀತೆಗಳು

ನಮ್ಮ ದೇವಾಲಯದ ಶತಮಾನೋತ್ಸವವನ್ನು ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ, ಹಿರಿಯರು ಕಟ್ಟಿದ ಗೋಡೆ, ಗೋಪುರ, ಬಲಿಪೀಠಗಳನ್ನು ಸ್ಮರಿಸುವಂತೆಯೇ ಈ ಗೋಡೆಗಳ ನಡುವೆ ಮೊಳಗಿದ ಹಾಡುಗಳನ್ನೂ ಸ್ಮರಿಸುವುದು ಉಚಿತವಾಗಿದೆ. ನೂರು ವರ್ಷಗಳ ಹಿಂದೆ ಇಲ್ಲಿ ಮೊದಲ ಬಲಿಪೂಜೆ ಅರ್ಪಿತವಾದಾಗ ಗುರುಗಳ ಪ್ರಾರ್ಥನೆ ಲತೀನಿನಲ್ಲಿತ್ತು. ಪೂಜೆಯ ಗಾಯನವೂ ಲತೀನಿನಲ್ಲಿತ್ತು. ಇಂದು ಎರಡೂ ಕನ್ನಡದಲ್ಲಿವೆ. ಈ ಬದಲಾವಣೆಯನ್ನು ಕುರಿತು ನಮ್ಮಲ್ಲಿ ಎರಡು ಮಾತುಗಳು ಕೇಳಿಬರುತ್ತವೆ. ಹೊಸ ಹಾಡುಗಳು ಬಂದ ಮೇಲೆ ಭಕ್ತಿ ಕಡಿಮೆಯಾಯಿತೆಂದು ಕೆಲವು ಹಿರಿಯರು ನೊಂದುಕೊಳ್ಳುತ್ತಾರೆ. ಹಳೆಯ ಹಾಡುಗಳಲ್ಲಿ ಜೀವವಿಲ್ಲವೆಂದು ಕಿರಿಯರು ಹೇಳುತ್ತಾರೆ. ಈ ವಾದ ನಮ್ಮ ಧರ್ಮಕೇಂದ್ರದಲ್ಲಿ ಹುಟ್ಟಿದ್ದಲ್ಲ. ಅದು ಹದಿನಾರು ಶತಮಾನಗಳಷ್ಟು ಹಳೆಯದು. ಅದರ ಇತಿಹಾಸವನ್ನು ಅರಿತರೆ ಇಬ್ಬರಿಗೂ ಪ್ರಯೋಜನವಾಗುವುದೆಂದು ನಾವು ನಂಬಿದ್ದೇವೆ.

ಹೊಸ ಗೀತೆಯನ್ನು ಹಾಡಬೇಕೆಂಬ ಕರೆ ಪವಿತ್ರ ಗ್ರಂಥದಲ್ಲಿಯೇ ಇದೆ. 33, 96, 98, 149ನೆಯ ಕೀರ್ತನೆಗಳು ಅದನ್ನು ಸ್ಪಷ್ಟವಾಗಿ ಸಾರುತ್ತವೆ. ಪ್ರಕಟನಾ ಗ್ರಂಥದಲ್ಲಿ ಸ್ವರ್ಗದ ಸಭೆಯೂ ಯಜ್ಞದ ಕುರಿಮರಿಯ ಮುಂದೆ ಹೊಸ ಗೀತೆಯನ್ನು ಹಾಡುತ್ತದೆ. ಆದರೂ ಆದಿ ಧರ್ಮಸಭೆ ಈ ವಿಷಯದಲ್ಲಿ ಎಚ್ಚರಿಕೆಯಿಂದಲೇ ನಡೆಯಿತು. ಕ್ರಿಸ್ತರ ದೈವತ್ವವನ್ನು ಅಲ್ಲಗಳೆದ ಆರಿಯಸನು ತನ್ನ ಬೋಧನೆಯನ್ನು ನಾವಿಕರೂ ದಾರಿಹೋಕರೂ ಹಾಡುವಂತಹ ಪದಗಳಲ್ಲಿ ಹರಡಿದನೆಂದು ಪ್ರಾಚೀನ ಇತಿಹಾಸಕಾರರು ಹೇಳುತ್ತಾರೆ. ಹಾಡಿನೊಡನೆ ತಪ್ಪು ಬೋಧನೆಯೂ ಮನೆಯೊಳಗೆ ಬರಬಲ್ಲದು. ನಾಲ್ಕನೆಯ ಶತಮಾನದಲ್ಲಿ ಲವೊದಿಕೀಯದಲ್ಲಿ ಸೇರಿದ ಧರ್ಮಸಮ್ಮೇಳನವು ಖಾಸಗಿಯಾಗಿ ರಚಿಸಿದ ಕೀರ್ತನೆಗಳನ್ನು ದೇವಾಲಯದಲ್ಲಿ ನಿಷೇಧಿಸಿತಲ್ಲದೆ, ನೇಮಕಗೊಂಡ ಗಾಯಕರ ಹೊರತು ಬೇರಾರೂ ಹಾಡಕೂಡದೆಂದೂ ವಿಧಿಸಿತು.

ಅದೇ ಶತಮಾನದಲ್ಲಿ, 386ರಲ್ಲಿ, ಇಟಲಿಯ ಮಿಲಾನ್ ನಗರದಲ್ಲಿ ಇದಕ್ಕೆ ವಿರುದ್ಧವಾದ ಘಟನೆಯೊಂದು ನಡೆಯಿತು. ಬಾಲಚಕ್ರವರ್ತಿ ಎರಡನೆಯ ವ್ಯಾಲೆಂಟಿನಿಯನನ ತಾಯಿ ಜಸ್ಟೀನಾ ಆರಿಯಸನ ಪಕ್ಷದವಳು. ತನ್ನವರಿಗಾಗಿ ಒಂದು ದೇವಾಲಯವನ್ನು ಬಿಟ್ಟುಕೊಡಬೇಕೆಂದು ಆಕೆ ಒತ್ತಾಯಿಸಿದಾಗ ಧರ್ಮಾಧ್ಯಕ್ಷರಾದ ಸಂತ ಅಂಬ್ರೋಸರು ಒಪ್ಪಲಿಲ್ಲ. ಭಕ್ತರು ತಮ್ಮ ಧರ್ಮಾಧ್ಯಕ್ಷರೊಡನೆ ಸಾಯಲೂ ಸಿದ್ಧರಾಗಿ ದೇವಾಲಯದೊಳಗೆ ರಾತ್ರಿಗಳನ್ನು ಕಳೆದರು. ದುಃಖದಿಂದಲೂ ಆಯಾಸದಿಂದಲೂ ಜನ ಕುಗ್ಗದಿರಲೆಂದು, ಪೂರ್ವದೇಶಗಳ ಪದ್ಧತಿಯಂತೆ ಸಭೆಯೆಲ್ಲ ಗೀತೆಗಳನ್ನೂ ಕೀರ್ತನೆಗಳನ್ನೂ ಹಾಡುವ ಕ್ರಮವನ್ನು ಆಗ ಆರಂಭಿಸಲಾಯಿತೆಂದು ಸಂತ ಅಗಸ್ಟೀನರು ತಮ್ಮ ‘ಅರಿಕೆಗಳು’ ಗ್ರಂಥದ ಒಂಬತ್ತನೆಯ ಭಾಗದಲ್ಲಿ ಬರೆದಿದ್ದಾರೆ. ಅವರ ತಾಯಿ ಸಂತ ಮೋನಿಕಾ ಆ ಜಾಗರಣೆಯಲ್ಲಿದ್ದರು. ಅಂಬ್ರೋಸರ ಗೀತೆಗಳು ಎಂಟೆಂಟು ಅಕ್ಷರಗಳ ನಾಲ್ಕು ಸಾಲಿನ ನುಡಿಗಳು. ಓದುಬರಹ ಬಾರದವನೂ ಬಾಯಿಪಾಠ ಮಾಡಬಹುದಾದಂಥವು. ಅವರು ಹಾಡುಗಳಿಂದ ಜನರನ್ನು ಮರುಳುಮಾಡಿದ್ದಾರೆಂದು ವಿರೋಧಿಗಳು ಆಪಾದಿಸಿದರು. ಅಂಬ್ರೋಸರು ಆ ಮಾತನ್ನು ಅಲ್ಲಗಳೆಯಲಿಲ್ಲ. ತ್ರಿತ್ವದ ಸ್ತುತಿಯನ್ನು ಜನರೆಲ್ಲರೂ ತಮ್ಮ ಬಾಯಿಂದಲೇ ಹಾಡುವುದಕ್ಕಿಂತ ಬಲವಾದುದು ಯಾವುದಿದೆಯೆಂದು ಕೇಳಿದರು.

ಮರುವರ್ಷ ಪಾಸ್ಖ ಹಬ್ಬದಲ್ಲಿ ಅಂಬ್ರೋಸರಿಂದಲೇ ಜ್ಞಾನಸ್ನಾನ ಪಡೆದ ಅಗಸ್ಟೀನರು ಆ ದಿನಗಳಲ್ಲಿ ಈ ಗೀತೆಗಳನ್ನು ಕೇಳಿ ಕಣ್ಣೀರಿಟ್ಟರು. ಆದರೆ ಅವರೇ ಅದೇ ಗ್ರಂಥದ ಹತ್ತನೆಯ ಭಾಗದಲ್ಲಿ, ಹಾಡಿದ ವಿಷಯಕ್ಕಿಂತ ಹಾಡಿನ ಇಂಪೇ ತಮ್ಮನ್ನು ಹೆಚ್ಚು ಸೆಳೆದರೆ ಅದು ತಮ್ಮ ಪಾಪವೆಂದು ಒಪ್ಪಿಕೊಳ್ಳುತ್ತಾರೆ. ಹಿರಿಯರ ಆತಂಕವೂ ಕಿರಿಯರ ಉತ್ಸಾಹವೂ ಒಬ್ಬನೇ ಸಂತನ ಹೃದಯದಲ್ಲಿ ಕೂಡಿದ್ದವೆಂಬುದು ಗಮನಾರ್ಹ.

ವಾದ ಅಲ್ಲಿಗೆ ಮುಗಿಯಲಿಲ್ಲ. 561ರಲ್ಲಿ ಬ್ರಾಗದ ಧರ್ಮಸಮ್ಮೇಳನವು ಪವಿತ್ರ ಗ್ರಂಥದ ಹೊರಗಿನ ಪದ್ಯರಚನೆಗಳನ್ನು ದೇವಾಲಯದಲ್ಲಿ ಹಾಡಬಾರದೆಂದಿತು. ಸುಮಾರು ಎಪ್ಪತ್ತು ವರ್ಷಗಳ ತರುವಾಯ, 633ರಲ್ಲಿ, ತೊಲೇದೊದ ನಾಲ್ಕನೆಯ ಸಮ್ಮೇಳನವು ಆ ಗೀತೆಗಳ ಪಕ್ಷ ವಹಿಸಿತು. ಮನುಷ್ಯರು ರಚಿಸಿದರೆಂಬ ಕಾರಣಕ್ಕೆ ಗೀತೆಗಳನ್ನು ತ್ಯಜಿಸುವುದಾದರೆ, ಪಿತನಿಗೂ ಸುತನಿಗೂ ಪವಿತ್ರಾತ್ಮನಿಗೂ ನಾವು ಸಲ್ಲಿಸುವ ಮಹಿಮೆಯ ಸ್ತುತಿಯನ್ನೂ ಪೂಜೆಯ ಪ್ರಾರ್ಥನೆಗಳನ್ನೂ ತ್ಯಜಿಸಬೇಕಾದೀತೆಂಬುದು ಅದರ ತರ್ಕ. ನಾವು ಇಂದು ಪುರಾತನವೆಂದು ಗೌರವಿಸುವ ಗೀತೆಗಳೂ ಒಂದು ಕಾಲದಲ್ಲಿ ಹೊಸತೆಂಬ ಆಕ್ಷೇಪಣೆಗೆ ಗುರಿಯಾಗಿದ್ದವೆಂಬುದು ಇದರಿಂದ ತಿಳಿಯುತ್ತದೆ.

ಶತಮಾನಗಳು ಕಳೆದಂತೆ ಜನರ ಆಡುಮಾತು ಲತೀನಿನಿಂದ ದೂರವಾಯಿತು. ಸಂಗೀತವು ನುರಿತ ಗಾಯಕರ ಕಲೆಯಾಗಿ ಬೆಳೆಯಿತು. ಅದರಿಂದ ಅತ್ಯುತ್ತಮವಾದ ಕೃತಿಗಳು ಹುಟ್ಟಿದವು ನಿಜ. ಆದರೆ ಅನೇಕ ಕಡೆ ಪೂಜೆಯ ವೇಳೆ ಭಕ್ತರು ಮೌನವಾಗಿ ಜಪಸರ ಹಿಡಿದು ಕುಳಿತರು. 1903ರಲ್ಲಿ ಜಗದ್ಗುರು ಸಂತ ಹತ್ತನೆಯ ಪಯಸ್ಸರು ಗ್ರೆಗೋರಿಯನ್ ಗಾಯನವನ್ನು ಜನರಿಗೆ ಮರಳಿ ಕಲಿಸಬೇಕೆಂದು ಆದೇಶಿಸಿದರೂ, ವಿಧ್ಯುಕ್ತ ಆರಾಧನೆಯಲ್ಲಿ ಮಾತೃಭಾಷೆಯ ಹಾಡಿಗೆ ಎಡೆಗೊಡಲಿಲ್ಲ. ಆ ಬಾಗಿಲು ತೆರೆದದ್ದು ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ. 1963ರ ಡಿಸೆಂಬರ್ 4ರಂದು 2147 ಮತಗಳಿಂದ, ಕೇವಲ 4 ವಿರೋಧಗಳೊಡನೆ ಅಂಗೀಕೃತವಾದ ದೈವಾರಾಧನಾ ಸಂವಿಧಾನವು ಗ್ರೆಗೋರಿಯನ್ ಗಾಯನಕ್ಕೆ ಅಗ್ರಸ್ಥಾನವನ್ನು ಉಳಿಸಿತು. ಜೊತೆಗೆ ಜನರ ಭಕ್ತಿಗೀತೆಗಳನ್ನು ಪೋಷಿಸಬೇಕೆಂದೂ, ಆಯಾ ಜನಾಂಗಗಳ ಸಂಗೀತ ಪರಂಪರೆಗೆ ಯೋಗ್ಯ ಸ್ಥಾನ ಕೊಡಬೇಕೆಂದೂ, ಗೀತೆಗಳ ಮಾತುಗಳು ಮುಖ್ಯವಾಗಿ ಪವಿತ್ರ ಗ್ರಂಥದಿಂದಲೂ ಆರಾಧನಾ ಮೂಲಗಳಿಂದಲೂ ಬರಬೇಕೆಂದೂ ವಿಧಿಸಿತು.

ನಮ್ಮ ನಾಡಿನಲ್ಲಿ ಇದರಿಂದ ದೊಡ್ಡ ಕೆಲಸವೇ ಎದುರಾಯಿತು. ಪೂಜೆಯ ಮಾತುಗಳನ್ನು ಕನ್ನಡಕ್ಕೆ ತರಬಹುದು. ಆದರೆ ಪರದೇಶದ ರಾಗಕ್ಕೆ ಕನ್ನಡ ಪದಗಳನ್ನು ಹೊಂದಿಸುವುದು ಸುಲಭವಲ್ಲ. ನಮ್ಮ ಭಾಷೆಯಲ್ಲಿ ಸ್ವರದ ಉದ್ದವೇ ಅರ್ಥವನ್ನು ನಿರ್ಣಯಿಸುತ್ತದೆ. ‘ಮನ’ ಎಂಬುದನ್ನು ರಾಗಕ್ಕಾಗಿ ಎಳೆದರೆ ‘ಮಾನ’ವಾಗುತ್ತದೆ. ಆದುದರಿಂದ ಕನ್ನಡದ ಜಾಯಮಾನಕ್ಕೆ ಒಪ್ಪುವ ಹೊಸ ಗೀತೆಗಳೇ ಬೇಕಾದವು. 1967ರಲ್ಲಿ ವಂದನೀಯ ಡಿ. ಎಸ್. ಅಮಲೋರ್ಪವದಾಸ್ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಹಾಗೂ ದೈವಾರಾಧನಾ ಕೇಂದ್ರವು ಭಾರತೀಯ ಸಂಗೀತಕ್ಕೂ ಭಜನೆಗೂ ಆರಾಧನೆಯಲ್ಲಿ ಸ್ಥಾನ ದೊರಕಿಸಲು ಶ್ರಮಿಸಿತು. ನಮ್ಮ ಕೀರ್ತನ ಪರಂಪರೆಯ ಪಲ್ಲವಿ-ಚರಣಗಳ ರೂಪವಂತೂ ಈ ಕೆಲಸಕ್ಕೆ ಹೇಳಿಮಾಡಿಸಿದಂತಿದೆ. ಗಾಯಕನು ಚರಣವನ್ನು ಹಾಡುತ್ತಾನೆ, ಸಭೆ ಪಲ್ಲವಿಯನ್ನು ಎತ್ತಿಕೊಳ್ಳುತ್ತದೆ. ಪೂಜೆಯ ವಾಚನಗಳ ನಡುವೆ ಬರುವ ಕೀರ್ತನೆಯ ಕ್ರಮವೂ ಇದೇ ಅಲ್ಲವೆ?

ಈ ಇತಿಹಾಸದಿಂದ ನಾವು ಕಲಿಯಬೇಕಾದ ಪಾಠ ಒಂದೇ. ಹೊಸ ಗೀತೆಯ ಬೆಲೆ ಅದರ ಹೊಸತನದಲ್ಲಿಲ್ಲ. ಅದು ಭಕ್ತರ ಬಾಯಿಗೆ ವಿಶ್ವಾಸದ ಮಾತನ್ನು ಮರಳಿ ಕೊಡುವುದರಲ್ಲಿದೆ. ಮಿಲಾನಿನಲ್ಲಿ ಹಾಡಿದ್ದು ಗಾಯನವೃಂದವಲ್ಲ, ಸೈನಿಕರಿಗೆ ಹೆದರದೆ ಕುಳಿತಿದ್ದ ಸಭೆ. ಇಂದು ಭಾನುವಾರದ ಪೂಜೆಯಲ್ಲಿ ವಾದ್ಯವೂ ಧ್ವನಿವರ್ಧಕವೂ ಮೊಳಗುತ್ತಿರುವಾಗ ಹಿಂದಿನ ಬೆಂಚುಗಳಲ್ಲಿ ತುಟಿಗಳು ಮುಚ್ಚಿಕೊಂಡಿರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅಂತಹ ಮೌನ ಲತೀನಿನ ಕಾಲದ ಮೌನಕ್ಕಿಂತ ಹೇಗೆ ಮೇಲು? ವಾರಕ್ಕೊಂದು ಹೊಸ ಹಾಡು ತಂದು ಯಾವುದನ್ನೂ ಕಲಿಸದೆ ಬಿಡುವುದು ಸೇವೆಯಲ್ಲ. ಹಳೆಯ ಹಾಡುಗಳನ್ನಷ್ಟೇ ಹಿಡಿದುಕೊಂಡು ಮಕ್ಕಳ ಬಾಯಿ ಮುಚ್ಚಿಸುವುದೂ ಪರಂಪರೆಯಲ್ಲ.

ಆದುದರಿಂದ ನಮ್ಮದೊಂದು ವಿನಮ್ರ ಬಿನ್ನಹ. ಹೊಸ ಗೀತೆಯೊಂದನ್ನು ಆರಿಸುವ ಮೊದಲು ಅದರ ಮಾತು ಶುಭಸಂದೇಶಕ್ಕೆ ಒಪ್ಪುವುದೇ, ಪೂಜೆಯ ಆ ಭಾಗಕ್ಕೆ ತಕ್ಕುದೇ, ಅಜ್ಜಿಯೂ ಮೊಮ್ಮಗಳೂ ಒಟ್ಟಿಗೆ ಹಾಡಬಲ್ಲರೇ ಎಂದು ವಿಚಾರಿಸೋಣ. ಒಪ್ಪಿದ ಮೇಲೆ ಪೂಜೆಗೆ ಮುನ್ನ ಹತ್ತು ನಿಮಿಷ ಅದನ್ನು ಸಭೆಗೆ ಕಲಿಸೋಣ; ಬಾಯಿಗೆ ಬರುವವರೆಗೂ ಬಿಡದೆ ಹಾಡೋಣ. ಹಿರಿಯರು ಪ್ರೀತಿಸಿದ ಒಂದೆರಡು ಹಳೆಯ ಗೀತೆಗಳನ್ನು ಮಕ್ಕಳಿಗೆ ದಾಟಿಸೋಣ. ಈ ದೇವಾಲಯದ ಎರಡನೆಯ ಶತಮಾನವನ್ನು ಆಚರಿಸುವವರು ನಮ್ಮ ಹೆಸರುಗಳನ್ನು ಮರೆತಿರಬಹುದು. ನಾವು ಇಂದು ಕಲಿತ ಹಾಡೊಂದನ್ನು ಅವರು ಹಳೆಯ ಹಾಡೆಂದು ಪ್ರೀತಿಯಿಂದ ಹಾಡುವಂತಾಗಲಿ. ದೇವರು ಅದಕ್ಕೆ ನಮಗೆ ಕೃಪೆ ನೀಡಲಿ.