ಬಿಳಿಗಿರಿರಂಗನ ಬೆಟ್ಟದ ಜೀವಿಮಾದರಿಗಳು: ಚೀಟಿಗಳಲ್ಲಿ ಅಡಗಿದ ಗಡಿಚರಿತ್ರೆ

ಸಸ್ಯವಿಜ್ಞಾನಿಗಳು ಹೂಬಿಟ್ಟ ರೆಂಬೆಯನ್ನು ಕಾಗದಗಳ ನಡುವೆ ಒತ್ತಿ ಒಣಗಿಸಿ ದಪ್ಪ ಹಾಳೆಗೆ ಅಂಟಿಸುತ್ತಾರೆ. ಹಕ್ಕಿಯ ಚರ್ಮ ಸುಲಿದು ಹತ್ತಿ ತುಂಬುವುದು, ಕಪ್ಪೆಯನ್ನು ಮದ್ಯಸಾರದಲ್ಲಿಡುವುದು, ಕೀಟವನ್ನು ಸೂಜಿಗೆ ಚುಚ್ಚುವುದು ಪ್ರಾಣಿಶಾಸ್ತ್ರದ ರೂಢಿ. ಪ್ರತಿಯೊಂದು ಮಾದರಿಗೂ ಸಂಗ್ರಹಕಾರ, ಸ್ಥಳ, ದಿನಾಂಕಗಳನ್ನು ನಮೂದಿಸಿದ ಚೀಟಿಯಿರುತ್ತದೆ. ಚೀಟಿ ಕಳೆದ ಮಾದರಿ ಮೂಕಸಾಕ್ಷಿ. ಚಾಮರಾಜನಗರ ಸೀಮೆಯ ಮಾದರಿಗಳಲ್ಲಿ ಚೀಟಿ ಉಳಿದಿದ್ದರೂ ಅದನ್ನು ಓದುವುದು ಸುಲಭವಲ್ಲ.

ಇದಕ್ಕೆ ಕಾರಣ ಆಡಳಿತದ ಗಡಿಗಳು. ಬೆಟ್ಟಸಾಲಿನ ಪೂರ್ವಭಾಗವನ್ನೊಳಗೊಂಡ ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಪಶ್ಚಿಮದ ಯಳಂದೂರು ಮೈಸೂರಿನದು. ಹೀಗಾಗಿ ಇ. ಬಾರ್ನ್ಸ್ 1944ರಲ್ಲಿ ಪ್ರಕಟಿಸಿದ ಇಲ್ಲಿನ ಹೂಗಿಡಗಳ ಪಟ್ಟಿಯು ಮದ್ರಾಸ್ ಸಸ್ಯಸಂಪತ್ತಿನ ಪುರವಣಿಯೆನಿಸಿತು. 1967ರಲ್ಲಿ ಆರ್. ವಿ. ಕಮ್ಮತಿ ಮತ್ತು ಸಂಗಡಿಗರು ಭಾರತೀಯ ಸಸ್ಯ ಸರ್ವೇಕ್ಷಣೆಯ ಪತ್ರಿಕೆಯಲ್ಲಿ ಅದೇ ಬೆಟ್ಟಗಳನ್ನು ಮೈಸೂರು ರಾಜ್ಯದವೆಂದು ದಾಖಲಿಸಿದರು. ಬೆಟ್ಟ ಕದಲಲಿಲ್ಲ, ಅದರ ವಿಳಾಸ ಬದಲಾಯಿತು.

ಗುಂಡ್ಲುಪೇಟೆಯ ತೊಡಕು ಬೇರೆ ಬಗೆಯದು. ಸಲೀಂ ಅಲಿಯವರು 1939–40ರಲ್ಲಿ ಸಂಸ್ಥಾನದ ಪಕ್ಷಿಸಮೀಕ್ಷೆ ನಡೆಸಿದಾಗ ಬಂಡೀಪುರ ಮೈಸೂರಿನ ಕಾಡಾಗಿತ್ತು. ಆದರೆ ‘ಮೈಸೂರು’ ಎಂಬ ಒಂದೇ ಪದ ನಗರ, ಜಿಲ್ಲೆ, ಸಂಸ್ಥಾನ ಹಾಗೂ 1973ರವರೆಗಿನ ರಾಜ್ಯ, ನಾಲ್ಕನ್ನೂ ಸೂಚಿಸಬಲ್ಲದು. ಚಾಮರಾಜನಗರ ಜಿಲ್ಲೆ ರಚನೆಯಾದದ್ದು 1997ರಲ್ಲಿ. ಆದ್ದರಿಂದ ಆ ಹೆಸರಿನ ಜಿಲ್ಲೆಯನ್ನು ಹಳೆಯ ಚೀಟಿಗಳಲ್ಲಿ ಅರಸುವವರಿಗೆ ಸಿಗುವುದು ಶೂನ್ಯವೇ. ಲಂಟಾನ ದಟ್ಟವಾಗುವ ಮುನ್ನ ಯಾವ ಇಳಿಜಾರಿನಲ್ಲಿ ಏನು ಬೆಳೆಯುತ್ತಿತ್ತೆಂದು ತಿಳಿಯಲು ಈ ಹಾಳೆಗಳೇ ಆಧಾರ. ಸ್ಥಳ ತಪ್ಪಿದರೆ, ಇದ್ದ ಗಿಡ ಇರಲೇ ಇಲ್ಲವೆಂಬ ತೀರ್ಮಾನಕ್ಕೆ ಎಡೆಯಾಗುತ್ತದೆ.

ಚೀಟಿಯ ಇನ್ನೊಂದು ಮಿತಿಯೂ ಗಮನಾರ್ಹ. ಅದರಲ್ಲಿ ಸಂಗ್ರಹಕಾರನ ಹೆಸರಿಗೆ ಸ್ಥಾನವುಂಟು, ಕಾಡಿನ ಅರಿವನ್ನು ತಲೆಮಾರುಗಳಿಂದ ಕಾಯ್ದವರ ಹೆಸರಿಗಿಲ್ಲ. ಈ ಕೊರತೆಯನ್ನು ಅಂಶತಃ ತುಂಬಿರುವುದು ವೈಜ್ಞಾನಿಕ ನಾಮಕರಣ. ಎಸ್. ಕೆ. ದತ್ತ ಮತ್ತು ಪಿ. ರೇ 2000ದಲ್ಲಿ ಈ ಬೆಟ್ಟಗಳಿಂದ ವರ್ಣಿಸಿದ ಪುಟ್ಟ ಕಪ್ಪೆ ‘ಮೈಕ್ರೋಹೈಲಾ ಶೋಲಿಗರಿ’. ಏಟ್ರೀ ಸಂಸ್ಥೆಯ ವಿಜ್ಞಾನಿಗಳು 2022ರಲ್ಲಿ ಇಲ್ಲಿನದೇ ಒಂದು ಕಣಜಕ್ಕೆ ‘ಸೋಲಿಗ’ ಎಂಬ ಹೊಸ ಕುಲವನ್ನೇ ಸ್ಥಾಪಿಸಿದರು.

ಜಿಲ್ಲೆಯ ಜೀವಿಸಂಪತ್ತಿನ ಚರಿತ್ರೆಯನ್ನು ಬರೆಯುವವರು ಮೊದಲು ಕೊಯಮತ್ತೂರು, ಮದ್ರಾಸ್, ಮೈಸೂರು ಎಂಬ ಹೆಸರುಗಳಡಿ ಚದುರಿರುವ ಮಾದರಿಗಳನ್ನು ಒಂದೇ ನಕಾಶೆಗೆ ತರಬೇಕಾಗುತ್ತದೆ. ಆ ಕೆಲಸಕ್ಕೆ ಸಸ್ಯಶಾಸ್ತ್ರದ ಜ್ಞಾನದಷ್ಟೇ ಗಡಿಗಳ ಇತಿಹಾಸದ ಜ್ಞಾನವೂ ಅಗತ್ಯ.